ಸರ್ಜರಿ ರೆಸಿಡೆನ್ಸಿ: ಯೂನಿವರ್ಸಿಟಿಯೋ, ಕಮ್ಯುನಿಟಿ ಆಸ್ಪತ್ರೆಯೋ?

ಪ್ರಶ್ನೆ: ನಮಸ್ತೆ ಮೇಡಂ. ದಾವಣಗೆರೆಯಲ್ಲಿ ಎಂಬಿಬಿಎಸ್ ಮುಗಿಸಿ ಈಗ ಅಮೆರಿಕದಲ್ಲಿ ರಿಸರ್ಚ್ ಮಾಡ್ತಾ ಇದ್ದೇನೆ. ಜನರಲ್ ಸರ್ಜರಿ ರೆಸಿಡೆನ್ಸಿ (ಎಂಬಿಬಿಎಸ್ ನಂತರದ ತಜ್ಞ ತರಬೇತಿ) ಇಂಟರ್ವ್ಯೂಗಳೆಲ್ಲ ಮುಗಿದಿವೆ, ಮಾರ್ಚ್ ಶುರುವಿನಲ್ಲಿ ರ‍್ಯಾಂಕ್ ಲಿಸ್ಟ್ (ಯಾವ ಪ್ರೋಗ್ರಾಂ ಮೊದಲು ಬೇಕು ಅನ್ನುವ ಪಟ್ಟಿ) ಹಾಕಬೇಕು. ಒಂದು ದೊಡ್ಡ ಯೂನಿವರ್ಸಿಟಿ ಪ್ರೋಗ್ರಾಂ. ಅಲ್ಲಿ 2 ವರ್ಷ ರಿಸರ್ಚ್ ಕಡ್ಡಾಯ, ಒಟ್ಟು 7 ವರ್ಷ. ಇನ್ನೊಂದು ಕಮ್ಯುನಿಟಿ ಆಸ್ಪತ್ರೆ, 5 ವರ್ಷ, ಹೆಸರು ಹೇಳಿದರೆ ಯಾರಿಗೂ ಗೊತ್ತಾಗಲ್ಲ. ಎರಡೂ ಕ್ಯಾಟಗೋರಿಕಲ್ ಸೀಟು, ಅಂದರೆ ಪೂರ್ತಿ ತರಬೇತಿಯ ಸೀಟು. ನನಗೆ ಟ್ರಾಮಾ (ಅಪಘಾತದಂಥ ಗಾಯಗಳ ಸರ್ಜರಿ) ಇಷ್ಟ. ಯಾವುದನ್ನು ಮೇಲೆ ಹಾಕಲಿ? ಮನೆಯಲ್ಲಿ ಎಲ್ಲರೂ ಯೂನಿವರ್ಸಿಟಿ ಅಂತಿದ್ದಾರೆ.

ಉತ್ತರ: ಮನೆಯವರು ಹಾಗೇ ಅಂತಾರೆ ಬಿಡಿ, ನಮ್ಮ ಕಡೆ ಕಾಲೇಜಿನ ಹೆಸರು ಮದುವೆ ಮಾತುಕತೆಯಲ್ಲೂ ಬರುತ್ತದೆ. ನೀವು ನೋಡಬೇಕಾದ್ದು ಬೇರೆ. ಮೂರನೇ ವರ್ಷದಲ್ಲಿ ಚಾಕು ಯಾರ ಕೈಯಲ್ಲಿರುತ್ತದೆ?

ಒಂದು ಗಾಲ್‌ಬ್ಲಾಡರ್ ಆಪರೇಷನ್ನನ್ನೇ ತೆಗೆದುಕೊಳ್ಳಿ. ಒಳ್ಳೆಯ ಕಮ್ಯುನಿಟಿ ಆಸ್ಪತ್ರೆಯಲ್ಲಿ ಟೇಬಲ್ಲಿಗೆ ಇಬ್ಬರೇ, ಅಟೆಂಡಿಂಗ್ (ಹಿರಿಯ ಸರ್ಜನ್) ಮತ್ತು ರೆಸಿಡೆಂಟ್ (ತರಬೇತಿಯಲ್ಲಿರುವ ಡಾಕ್ಟರ್). ಎಷ್ಟೋ ಸಲ ಅಟೆಂಡಿಂಗೇ ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ಪಿತ್ತಕೋಶದ ನಾಳವಾದ ಸಿಸ್ಟಿಕ್ ಡಕ್ಟ್, ಅದರ ರಕ್ತನಾಳವಾದ ಸಿಸ್ಟಿಕ್ ಆರ್ಟರಿ ಎರಡನ್ನೂ ಪೂರ್ತಿ ಬಿಡಿಸಿ ತೋರಿಸುವ ತನಕ ಕ್ಲಿಪ್ ಹಾಕಲು ಬಿಡುವುದಿಲ್ಲ, ಆದರೆ ಬಿಡಿಸುವ ಕೈ ನಿಮ್ಮದೇ. ಯೂನಿವರ್ಸಿಟಿಯಲ್ಲಿ ಲಿವರ್, ಪ್ಯಾಂಕ್ರಿಯಾಸ್‌ನಂಥ ದೊಡ್ಡ ಕೇಸಿಗೆ ಫೆಲೋ (ರೆಸಿಡೆನ್ಸಿ ಮುಗಿಸಿ ಮುಂದಿನ ತರಬೇತಿಯಲ್ಲಿರುವವರು) ಇರುತ್ತಾರೆ, ಚೀಫ್ ರೆಸಿಡೆಂಟ್ (ಕೊನೆಯ ವರ್ಷದವರು) ಇರುತ್ತಾರೆ, ಮೂರನೆಯವರಾಗಿ ನೀವು. ಅಲ್ಲಿ ನಿಮ್ಮ ಪಾಲಿಗೆ ಬರುವುದು ಗಾಯದ ಅಂಚು ಎಳೆದು ಹಿಡಿಯುವ ರಿಟ್ರ್ಯಾಕ್ಟರ್. ಅಪರೂಪದ ಕೇಸು ನೋಡಿದ ಖುಷಿ ಇರುತ್ತದೆ, ಇಲ್ಲ ಅನ್ನಲ್ಲ. ಆದರೆ ಐದು ವರ್ಷದಲ್ಲಿ ಕನಿಷ್ಠ 850 ಮೇಜರ್ ಕೇಸು ಲಾಗ್‌ನಲ್ಲಿ (ಮಾಡಿದ ಆಪರೇಷನ್‌ಗಳ ದಾಖಲೆಯಲ್ಲಿ) ಇರಬೇಕು, ಅದರಲ್ಲಿ 200 ಚೀಫ್ ವರ್ಷದಲ್ಲಿ. ಸುಮ್ನೆ ಅಸಿಸ್ಟ್ ಮಾಡಿದ ಕೇಸು ಈ 850ಕ್ಕೆ ಸೇರುವುದಿಲ್ಲ. ಹಾಗಾಗಿ ಈಗಿನ ಚೀಫ್‌ಗಳು ಎಷ್ಟು ಕೇಸಿಗೆ ಮುಗಿಸುತ್ತಿದ್ದಾರೆ ಅಂತ ಎರಡೂ ಕಡೆ ಕೇಳಿ. 850ನ್ನು ದಾಟಲು ಒದ್ದಾಡುವ ಜಾಗಕ್ಕೂ ಸಾವಿರ ದಾಟಿಸಿ ಕಳಿಸುವ ಜಾಗಕ್ಕೂ ತುಂಬಾ ವ್ಯತ್ಯಾಸವಿದೆ.

ಯೂನಿವರ್ಸಿಟಿಯನ್ನು ತೆಗೆದುಹಾಕುತ್ತಿಲ್ಲ. ಪೀಡಿಯಾಟ್ರಿಕ್ ಸರ್ಜರಿಯೋ ಸರ್ಜಿಕಲ್ ಆಂಕಾಲಜಿಯೋ ಬೇಕು ಅಂದಿದ್ದರೆ ಎರಡನೇ ಮಾತಿಲ್ಲದೆ ಅಲ್ಲಿಗೇ ಹೋಗಿ ಅನ್ನುತ್ತಿದ್ದೆ. ಆ ಫೆಲೋಶಿಪ್‌ಗಳಿಗೆ ಪೇಪರ್ ಬೇಕು, ಜೊತೆಗೆ ನಿಮ್ಮ ಪರವಾಗಿ ಫೋನ್ ಎತ್ತಿ ಮಾತಾಡುವ, ಆ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಪ್ರೊಫೆಸರ್ ಬೇಕು. ಮುಂದೆ ಪಾಠ ಮಾಡಿಕೊಂಡು, ಗ್ರಾಂಟ್ ಬರೆದುಕೊಂಡು ಇರೋಣ ಅನ್ನುವವರಿಗೂ ಅದೇ ದಾರಿ. ನಿಮಗೆ ಬೇಕಿರುವುದು ಟ್ರಾಮಾ. ಅದಕ್ಕೆ ಸಾಮಾನ್ಯವಾಗಿ ಮಾಡುವ ಸರ್ಜಿಕಲ್ ಕ್ರಿಟಿಕಲ್ ಕೇರ್ ಫೆಲೋಶಿಪ್‌ಗೆ ಕಮ್ಯುನಿಟಿಯಿಂದ ಆರಾಮಾಗಿ ಹೋಗುತ್ತಾರೆ. ಆ ಕಮ್ಯುನಿಟಿ ಆಸ್ಪತ್ರೆ ಲೆವೆಲ್ 1 ಅಥವಾ 2 ಟ್ರಾಮಾ ಸೆಂಟರ್ (ಗಂಭೀರ ಗಾಯಾಳುಗಳನ್ನು ನೋಡುವ ಮೇಲ್ದರ್ಜೆಯ ಕೇಂದ್ರ) ಹೌದಾ? ಹೌದಾದರೆ ನಾನಾಗಿದ್ದರೆ ಅದನ್ನೇ ಮೇಲೆ ಹಾಕುತ್ತಿದ್ದೆ. ಅಲ್ಲದಿದ್ದರೆ ಟ್ರಾಮಾಗೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಎಷ್ಟು ತಿಂಗಳು, ಅಲ್ಲಿ ಆಪರೇಷನ್ ಮಾಡಲು ಬಿಡುತ್ತಾರಾ, ಇದಿಷ್ಟು ತಿಳಿದುಕೊಂಡು ಆಮೇಲೆ ಯೋಚಿಸಿ.

ಇನ್ನೊಂದು. ಬೋರ್ಡ್ ಪರೀಕ್ಷೆಯಲ್ಲಿ (ತಜ್ಞ ಸರ್ಜನ್ ಎಂಬ ಮಾನ್ಯತೆಯ ಪರೀಕ್ಷೆ) ಮೊದಲ ಸಲವೇ ಪಾಸಾದವರ ಪ್ರಮಾಣವನ್ನು ಅಮೆರಿಕನ್ ಬೋರ್ಡ್ ಆಫ್ ಸರ್ಜರಿಯೇ ಪ್ರೋಗ್ರಾಂವಾರು ಪ್ರಕಟಿಸುತ್ತದೆ. ಹೆಸರಿಲ್ಲದ ಆಸ್ಪತ್ರೆ ಅಂತ ಭಯಪಡುವ ಮೊದಲು ಅದನ್ನು ತೆಗೆದು ನೋಡಿ.

ಪ್ರಶ್ನೆ: ಮೇಡಂ, ಕಮ್ಯುನಿಟಿಯಲ್ಲಿ ಕೆಲಸ ಕಮ್ಮಿ ಅಂತಾರಲ್ವಾ?

ಉತ್ತರ: ಯಾರು ಹೇಳಿದ್ದು! ವಾರಕ್ಕೆ 80 ಗಂಟೆಯ ಮಿತಿ 2003ರಿಂದ ಎಲ್ಲರಿಗೂ ಒಂದೇ, ಅದೂ ನಾಲ್ಕು ವಾರದ ಸರಾಸರಿ. ರೆಸಿಡೆಂಟ್‌ಗಳು ಕಮ್ಮಿ ಇರುವ ಕಡೆ ನೈಟ್ ಡ್ಯೂಟಿ ಬೇಗ ಬೇಗ ಬರುತ್ತದೆ, ಯಾರಾದರೂ ರಜೆ ಹಾಕಿದರಂತೂ ಕೇಳಲೇಬೇಡಿ.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ತಂಗಿ ಮಗನಿಗೆ ದೊಡ್ಡ ಯೂನಿವರ್ಸಿಟಿಯಲ್ಲಿ ಪ್ರಿಲಿಮಿನರಿ ಅನ್ನೋ ಸೀಟಿಗೆ ಕರೆದಿದ್ದಾರೆ. ಚಿಕ್ಕ ಊರಿನ ಆಸ್ಪತ್ರೆಯೊಂದು ಕ್ಯಾಟಗೋರಿಕಲ್‌ಗೆ ಕರೆದಿದೆ. ಅವನು ಯೂನಿವರ್ಸಿಟಿಗೇ ಹೋಗ್ತೀನಿ ಅಂತ ಹಟ ಹಿಡಿದಿದ್ದಾನೆ.

ಉತ್ತರ: ಅಣ್ಣಾ, ದಯವಿಟ್ಟು ತಡೆಯಿರಿ. ಪ್ರಿಲಿಮಿನರಿ ಅಂದರೆ ಒಂದು ವರ್ಷದ ಸೀಟು. ವರ್ಷ ಮುಗಿದ ಮೇಲೆ ಎರಡನೇ ವರ್ಷಕ್ಕೆ ಇಟ್ಟುಕೊಳ್ಳುತ್ತೇವೆ ಅನ್ನುವ ಭರವಸೆ ಇಲ್ಲ. ವಿದೇಶದಲ್ಲಿ ಓದಿ ಬಂದ ಎಷ್ಟೋ ಹುಡುಗರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ, ಮತ್ತೆ ಮ್ಯಾಚ್‌ಗೆ (ಅಭ್ಯರ್ಥಿ, ಆಸ್ಪತ್ರೆ ಇಬ್ಬರ ಪಟ್ಟಿಗಳನ್ನೂ ಹೊಂದಿಸಿ ಸೀಟು ಹಂಚುವ ವ್ಯವಸ್ಥೆ) ಹಾಕು, ಮತ್ತೆ ಪ್ರಿಲಿಮ್ ಮಾಡು, ಇದೇ ಆಗುತ್ತದೆ. ಕ್ಯಾಟಗೋರಿಕಲ್ ಅಂದರೆ ಐದೂ ವರ್ಷದ ಸೀಟು. ಕಣ್ಣು ಮುಚ್ಚಿ ಅದನ್ನೇ ಮೇಲೆ ಹಾಕಲಿ.

ಪ್ರಶ್ನೆ (ಮೊದಲು ಕೇಳಿದವರು): ಥ್ಯಾಂಕ್ಸ್ ಮೇಡಂ, ಆ ಕಮ್ಯುನಿಟಿ ಆಸ್ಪತ್ರೆ ಲೆವೆಲ್ 1 ಹೌದು. ವೀಸಾ ವಿಷಯವನ್ನೂ ಹೇಳಿ. ಮತ್ತೆ ಯೂನಿವರ್ಸಿಟಿ ಸಿಗೋದು ಕಷ್ಟ ಅನ್ಸಿದ್ರೆ ಅದನ್ನು ಮೇಲೆ ಹಾಕಿದರೆ ಎರಡೂ ಕೈತಪ್ಪುತ್ತಾ?

ಉತ್ತರ: ಕೈತಪ್ಪಲ್ಲ. ಮ್ಯಾಚ್‌ನ ಲೆಕ್ಕ ನಿಮ್ಮ ಲಿಸ್ಟಿನಿಂದ ಶುರುವಾಗುತ್ತದೆ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ನೋಡುತ್ತದೆ, ಮೊದಲು ಬೇರೆಯದನ್ನು ಬರೆದಿದ್ದಿರಿ ಅಂತ ಶಿಕ್ಷೆಯೇನಿಲ್ಲ. ಈ ಲೆಕ್ಕವನ್ನು ಈಗಿನ ರೂಪಕ್ಕೆ ತಂದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಾಗಾಗಿ ನಿಮಗೆ ಯಾವುದು ಬೇಕೋ ಅದೇ ಕ್ರಮದಲ್ಲಿ ಹಾಕಿ. ಲಿಸ್ಟ್ ಹಾಕಿ ಮ್ಯಾಚ್ ಆದರೆ ಅದಕ್ಕೆ ಬದ್ಧರಾಗಿರಬೇಕು, ಅದು ನೆನಪಿರಲಿ.

ವೀಸಾದಲ್ಲಿ ಲೆಕ್ಕ ಹಾಕಲೇಬೇಕು. ಜೆ-1 ನಲ್ಲಿ (ತರಬೇತಿಗೆ ಬರುವ ಡಾಕ್ಟರ್‌ಗಳ ವೀಸಾ) ತರಬೇತಿಗೆ ಸಾಮಾನ್ಯವಾಗಿ 7 ವರ್ಷದ ಮಿತಿ. ಐದು ವರ್ಷದ ರೆಸಿಡೆನ್ಸಿ, ಮೇಲೆ ಒಂದು ಎರಡು ವರ್ಷದ ಫೆಲೋಶಿಪ್, ಇಷ್ಟಕ್ಕೆ ಸರಿಹೋಗುತ್ತದೆ. ಯೂನಿವರ್ಸಿಟಿಯ ರಿಸರ್ಚ್ ವರ್ಷಗಳನ್ನು ಈ ಏಳರಲ್ಲಿ ಎಣಿಸುತ್ತಾರಾ ಅಂತ ಅಲ್ಲಿನ ಕೋಆರ್ಡಿನೇಟರ್ ಹತ್ತಿರ ಇಮೇಲ್‌ನಲ್ಲೇ ಕೇಳಿ, ಬಾಯಿಮಾತು ಬೇಡ. ಜೆ-1 ಮುಗಿದ ಮೇಲೆ ಎರಡು ವರ್ಷ ಊರಿಗೆ ವಾಪಸ್ ಹೋಗಬೇಕು, ಇಲ್ಲವೇ ಡಾಕ್ಟರ್ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಿ ವೇವರ್ (ವಿನಾಯಿತಿ) ಪಡೆಯಬೇಕು. ಅಂಥ ಊರಿನಲ್ಲಿ ನಡುರಾತ್ರಿ ಹೊಟ್ಟೆನೋವಿನ ಪೇಷೆಂಟ್ ಬಂದರೆ ಕರೆಯಲು ಇನ್ನೊಬ್ಬ ಸರ್ಜನ್ ಇರದೇ ಹೋಗಬಹುದು, ಒಬ್ಬರೇ ನಿಂತು ಮಾಡಿದ ಕೇಸುಗಳು ಆಗ ಕೆಲಸಕ್ಕೆ ಬರುತ್ತವೆ. ಎಚ್-1ಬಿ (ಉದ್ಯೋಗ ವೀಸಾ) ಬೇಕಾದರೆ ಅಮೆರಿಕದ ಡಾಕ್ಟರ್ ಲೈಸೆನ್ಸ್ ಪರೀಕ್ಷೆಯ ಕೊನೆಯ ಹಂತವಾದ ಸ್ಟೆಪ್ 3 ಮೊದಲೇ ಪಾಸಾಗಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಬಂತು, ಹಾಗಾಗಿ ಪ್ರೋಗ್ರಾಂ ವೆಬ್‌ಸೈಟಿನಲ್ಲಿ ಹಳೆಯ ಸಾಲು ಓದಿ ಎಚ್-1ಬಿ ಕೊಡಿಸ್ತಾರೆ ಅಂತ ನಂಬಿ ಕೂರಬೇಡಿ.

ಲಿಸ್ಟ್ ಹಾಕುವ ಮೊದಲು ಎರಡೂ ಕಡೆ ಒಬ್ಬೊಬ್ಬ ಮೂರನೇ ವರ್ಷದ ರೆಸಿಡೆಂಟ್‌ಗೆ ಫೋನ್ ಮಾಡಿ. ಪ್ರೋಗ್ರಾಂ ಹೇಗಿದೆ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಹೋದ ವಾರ ಯಾವ್ಯಾವ ಕೇಸಿಗೆ ಹೋಗಿದ್ದಿರಿ, ಅದರಲ್ಲಿ ನೀವು ಮಾಡಿದ್ದೇನು ಅಂತ ಕೇಳಿ.