ಗದ್ದೆ ಮಾರಿ ಮಗಳನ್ನು ಪೈಲಟ್ ಮಾಡಿಸಬಹುದಾ? ಅನುಭವ ಇರುವವರು ಹೇಳಿ

ಕೇಳಿದವರು: ಮಂಡ್ಯದ ಒಬ್ಬ ತಾಯಿ

ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ನಾಲೆ ನೀರಿನ ಎರಡೂವರೆ ಎಕರೆ ಗದ್ದೆ ಇದೆ. ಮಗಳು ಪಿಯುಸಿಯಲ್ಲಿ ಪಿಸಿಎಂ ತೆಗೆದುಕೊಂಡು ಒಳ್ಳೆ ಅಂಕದಲ್ಲಿ ಪಾಸಾಗಿದ್ದಾಳೆ. ಎಂಜಿನಿಯರಿಂಗ್ ಬೇಡ, ಪೈಲಟ್ ಆಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಒಂದು ತರಬೇತಿ ಶಾಲೆಗೆ ಹೋಗಿ ವಿಚಾರಿಸಿದೆವು. ಎಲ್ಲ ಸೇರಿ 55 ಲಕ್ಷ ಎಂದರು. ಸಣ್ಣ ವಿಮಾನ ಕಂಪನಿಗೆ ಸೇರಿದರೂ ಮೊದಲ ತಿಂಗಳಿಂದಲೇ ಎರಡು ಲಕ್ಷ ಗ್ಯಾರಂಟಿ ಎಂದೂ ಹೇಳಿದರು. ನಮ್ಮೆಜಮಾನರು ಒಂದು ಎಕರೆ ಮಾರಿ, ಉಳಿದದ್ದಕ್ಕೆ ಸಾಲ ಮಾಡೋಣ ಎನ್ನುತ್ತಾರೆ. ಅವಳ ಆಸೆಗೆ ಅಡ್ಡ ಬರಲು ನನಗೆ ಮನಸ್ಸಿಲ್ಲ. ಆದರೆ ರಾತ್ರಿ ನಿದ್ದೆಯೂ ಬರುತ್ತಿಲ್ಲ. ಸಂಬಳ ನಿಜವಾಗಿ ಎಷ್ಟು ಸಿಗುತ್ತದೆ? ಈ ಸಣ್ಣ ಕಂಪನಿಗಳು ಉಳಿಯುತ್ತವಾ? ದಯವಿಟ್ಟು ತಿಳಿದವರು ಹೇಳಿ.

ಮೈಸೂರು, ಶ್ರೀರಾಂಪುರದಿಂದ (ಪೈಲಟ್)

ಅಮ್ಮಾ, ಗ್ಯಾರಂಟಿ ಎಂದು ಯಾರೇ ಹೇಳಿದರೂ ನಂಬಬೇಡಿ. ಆ ಮಾತು ಕೊಡುವ ಅಧಿಕಾರ ಯಾವ ಶಾಲೆಗೂ ಇಲ್ಲ.

ನನ್ನ ಕಥೆ ಹೇಳುತ್ತೇನೆ. 200 ಗಂಟೆ ಹಾರಾಟ ಮುಗಿಸಿ ಸಿಪಿಎಲ್, ಅಂದರೆ ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಲೈಸೆನ್ಸ್, ಕೈಗೆ ಬಂದಾಗ ನನಗೆ 21 ವರ್ಷ. ಕೆಲಸ ಸಿಕ್ಕಿದ್ದು 26 ತಿಂಗಳ ನಂತರ. ಅಷ್ಟು ದಿನ ಕುವೆಂಪುನಗರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟೆ. ಕೆಲಸ ಇಲ್ಲ ಎಂದು ಖರ್ಚು ನಿಲ್ಲುವುದಿಲ್ಲ, ನೋಡಿ. ವರ್ಷಕ್ಕೊಮ್ಮೆ ಮೆಡಿಕಲ್ ಆಗಬೇಕು. ಹೊರಗೆ ಏನೂ ಕಾಣದಿದ್ದರೂ ಉಪಕರಣ ನೋಡಿಯೇ ಹಾರಿಸಲು ಕೊಡುವ ಇನ್‌ಸ್ಟ್ರುಮೆಂಟ್ ರೇಟಿಂಗ್ ಹೊಸದು ಮಾಡಿಸಬೇಕು. ಅದಕ್ಕೆ ಮತ್ತೆ ಹಾರಬೇಕು, ಮತ್ತೆ ದುಡ್ಡು ಕಟ್ಟಬೇಕು. ಪ್ರತಿ ಸಲವೂ ಅಪ್ಪನ ಹತ್ತಿರ ಕೇಳುವಾಗ ಗಂಟಲು ಕಟ್ಟುತ್ತಿತ್ತು.

ಕೊನೆಗೆ ಒಂದು ಸಣ್ಣ ಕಂಪನಿಯಲ್ಲಿ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನಕ್ಕೆ ಕೋ-ಪೈಲಟ್ ಆದೆ. ಟೈಪ್ ರೇಟಿಂಗ್ ಖರ್ಚು ನನ್ನದೇ, ಮೇಲೆ ಇಷ್ಟು ವರ್ಷ ಬಿಟ್ಟು ಹೋಗುವಂತಿಲ್ಲ ಎಂಬ ಬಾಂಡ್ ಬೇರೆ. ಸಿಪಿಎಲ್ ಇದ್ದ ಮಾತ್ರಕ್ಕೆ ದೊಡ್ಡ ವಿಮಾನ ಹಾರಿಸುವಂತಿಲ್ಲ. ಒಂದೊಂದು ಮಾದರಿ ವಿಮಾನಕ್ಕೂ ಬೇರೆ ತರಬೇತಿ ಬೇಕು, ಅದೇ ಟೈಪ್ ರೇಟಿಂಗ್. ಅದಕ್ಕೂ ಹತ್ತಾರು ಲಕ್ಷ ಆಗುತ್ತದೆ. ಆ 55 ಲಕ್ಷದಲ್ಲಿ ಅದು ಸೇರಿದೆಯಾ ಎಂದು ಬರೆದುಕೊಡಲು ಹೇಳಿ. ಸಂಬಳ ಕೈಗೆ ಬರುತ್ತಿದ್ದದ್ದು ಒಂದು ಲಕ್ಷ ಹತ್ತು ಸಾವಿರದ ಆಸುಪಾಸು. ಅದರಲ್ಲಿ ಒಂದು ಭಾಗ ನಿಗದಿತ, ಇನ್ನೊಂದು ಭಾಗ ಹಾರಿದ ಗಂಟೆಗಳ ಲೆಕ್ಕ. ಮಳೆ, ಮಂಜು, ಕೆಟ್ಟು ನಿಂತ ವಿಮಾನ ಎಂದು ಹಾರಾಟ ರದ್ದಾದರೆ ಆ ಭಾಗ ಇಳಿಯುತ್ತದೆ. ಎರಡನೇ ವರ್ಷ ಮೂರು ತಿಂಗಳು ಸಂಬಳವೇ ಬರಲಿಲ್ಲ. ಬಿಟ್ಟು ಹೋಗೋಣ ಎಂದರೆ ಕೋ-ಪೈಲಟ್‌ಗೆ ಆರು ತಿಂಗಳು ನೋಟಿಸ್, ಕಮಾಂಡರ್‌ಗೆ, ಅಂದರೆ ಮುಖ್ಯ ಪೈಲಟ್‌ಗೆ, ಒಂದು ವರ್ಷ. ವಿಮಾನಯಾನ ನೋಡಿಕೊಳ್ಳುವ ಸರ್ಕಾರದ ಸಂಸ್ಥೆ ಡಿಜಿಸಿಎ ನಿಯಮವೇ ಹಾಗಿದೆ.

ಸಣ್ಣ ಕಂಪನಿಯಲ್ಲಿ ಸಂಬಳ ಯಾಕೆ ಕಡಿಮೆ ಎಂದು ನಾನೂ ತುಂಬ ಯೋಚಿಸಿದ್ದೇನೆ. ಏರ್‌ಬಸ್ 320ರಲ್ಲಿ 180 ಸೀಟು, ಎಟಿಆರ್‌ನಲ್ಲಿ 70ರಿಂದ 78. ಆದರೆ ಮುಂದೆ ಕೂರುವವರು ಎರಡರಲ್ಲೂ ಇಬ್ಬರೇ. ಅದೇ ಇಬ್ಬರ ಸಂಬಳ ಅಲ್ಲಿ 180 ಟಿಕೆಟ್‌ಗೆ ಹಂಚಿಹೋಗುತ್ತದೆ, ಇಲ್ಲಿ ಎಪ್ಪತ್ತಕ್ಕೆ. ಅದರ ಮೇಲೆ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಒಂದಷ್ಟು ಸೀಟುಗಳಿಗೆ ದರದ ಮಿತಿ ಇರುತ್ತದೆ. ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಇತ್ತು. ನಷ್ಟ ತುಂಬಿಕೊಡಲು ಸರ್ಕಾರ ಮೂರು ವರ್ಷ ಸಹಾಯಧನ ಕೊಡುತ್ತದೆ. ಮೂರು ವರ್ಷ ಆದ ಮೇಲೆ ಕಂಪನಿ ತನ್ನ ಕಾಲ ಮೇಲೆ ನಿಲ್ಲಬೇಕು. ಸುಮಾರು ಮಾರ್ಗಗಳು ಅಲ್ಲೇ ಬಿದ್ದುಹೋಗುತ್ತವೆ.

ನಮ್ಮ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣವನ್ನೇ ನೋಡಿ. 2010ರಲ್ಲಿ ಕಿಂಗ್‌ಫಿಷರ್ ಬಂತು, ಮರುವರ್ಷ ನಿಂತಿತು. 2013ರಲ್ಲಿ ಸ್ಪೈಸ್‌ಜೆಟ್ ಬಂತು, ಅದೂ ಎರಡು ವರ್ಷದೊಳಗೆ ಹೋಯಿತು. 2017ರಲ್ಲಿ ಟ್ರೂಜೆಟ್ ಚೆನ್ನೈಗೆ ಶುರು ಮಾಡಿತು. 2022ರಲ್ಲಿ ಆ ಕಂಪನಿಯೇ ಹಾರಾಟ ನಿಲ್ಲಿಸಿತು. 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರಿಗೆ ಹಾರಿದಾಗ ನಮ್ಮ ಮನೆಯವರೆಲ್ಲ ಟೆರೇಸ್ ಹತ್ತಿ ನೋಡಿದ್ದರು. ಆದರೆ 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಂಗಳೂರಿಗೆ ಯಾರು ವಿಮಾನ ಹತ್ತುತ್ತಾರೆ? ದೇವನಹಳ್ಳಿಯಿಂದ ಊರೊಳಗೆ ಬರುವಷ್ಟರಲ್ಲಿ ಕಾರಿನವರು ಮನೆ ಸೇರಿ ಊಟ ಮಾಡಿರುತ್ತಾರೆ. ನಮ್ಮ ರನ್‌ವೇ 1,740 ಮೀಟರ್ ಅಷ್ಟೇ. ಅದಕ್ಕೇ ಇಲ್ಲಿಗೆ ಎಟಿಆರ್ ಬರುತ್ತದೆ, ದೊಡ್ಡ ಜೆಟ್ ಬರುವುದಿಲ್ಲ. ಉದ್ದ ಮಾಡೋಣ ಎಂದರೆ ನಂಜನಗೂಡು ಹೆದ್ದಾರಿ ಮತ್ತು ರೈಲು ಹಳಿ ಅಡ್ಡ.

ಇಷ್ಟೆಲ್ಲ ಹೇಳಿ ಮಗಳಿಗೆ ಬೇಡ ಎನ್ನುತ್ತಿಲ್ಲ. ಎಟಿಆರ್‌ನಲ್ಲಿ ಕಲಿತಷ್ಟು ನಾನು ಬೇರೆಲ್ಲೂ ಕಲಿತಿಲ್ಲ. ದಿನಕ್ಕೆ ನಾಲ್ಕೈದು ಸಲ ಇಳಿಸಬೇಕು, ಸಣ್ಣ ರನ್‌ವೇ, ಮೋಡದ ಒಳಗೇ ಪ್ರಯಾಣ. ಈಗ ಏರ್‌ಬಸ್‌ನಲ್ಲಿದ್ದೇನೆ, ಸಂಬಳ ಚೆನ್ನಾಗಿದೆ, ಸಾಲ ತೀರಿದೆ. ಆ ಸಣ್ಣ ಕಂಪನಿ ಬಾಗಿಲು ತೆಗೆಯದಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ.

ನನ್ನ ಸಲಹೆ ಇಷ್ಟೇ. ದುಡ್ಡು ಕಟ್ಟುವ ಮೊದಲು ಮೆಡಿಕಲ್ ಮಾಡಿಸಿ. ಮೊದಲು ಕ್ಲಾಸ್ 2 ಎಂಬ ಆರಂಭದ ತಪಾಸಣೆ, ಆಮೇಲೆ ಸಿಪಿಎಲ್‌ಗೆ ಬೇಕಾದ, ಇನ್ನೂ ಬಿಗಿಯಾದ ಕ್ಲಾಸ್ 1. ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೂ ಕ್ಲಾಸ್ 1 ಮಾಡುತ್ತಾರೆ. ಕನ್ನಡಕ ಇದ್ದರೆ ಚಿಂತೆ ಬೇಡ, ಬಣ್ಣ ಗುರುತಿಸಲು ಬರದಿದ್ದರೆ ಕಷ್ಟ. ನನ್ನ ಜೊತೆಯವನೊಬ್ಬ ಅರ್ಧ ಫೀಸು ಕಟ್ಟಿದ ಮೇಲೆ ಕ್ಲಾಸ್ 1ರಲ್ಲಿ ಫೇಲಾದ. ಮೆಡಿಕಲ್ ಆದ ಮೇಲೆ ಮನೆಯಲ್ಲೇ ಇದ್ದು ಡಿಜಿಸಿಎ ಪರೀಕ್ಷೆ ಬರೆಯಲಿ: ನ್ಯಾವಿಗೇಷನ್, ಹವಾಮಾನ, ರೆಗ್ಯುಲೇಷನ್, ಟೆಕ್ನಿಕಲ್. ಇದಕ್ಕೆ ಗ್ರೌಂಡ್ ಕ್ಲಾಸ್, ಅಂದರೆ ಹಾರಾಟವಿಲ್ಲದ ಪಾಠದ ಖರ್ಚು ಮಾತ್ರ. ಪೇಪರ್‌ಗಳು ಪಾಸಾದರೆ ಅವಳಿಗೆ ಇದು ನಿಜವಾಗಿ ಬೇಕಾ ಎಂಬುದೂ ಗೊತ್ತಾಗುತ್ತದೆ. ಹಾರಾಟದ ದುಡ್ಡು ಆಮೇಲೆ, ಅದೂ ಕಂತಿನಲ್ಲಿ. ಒಟ್ಟಿಗೆ ಕಟ್ಟಲೇಬೇಡಿ. ಶಾಲೆಗೆ ಹೋದಾಗ ಆಫೀಸಿನಲ್ಲಿ ಕೂರಬೇಡಿ. ಹ್ಯಾಂಗರ್‌ಗೆ ಹೋಗಿ ಇವತ್ತು ಎಷ್ಟು ವಿಮಾನ ಹಾರುತ್ತಿವೆ ಎಂದು ಎಣಿಸಿ. ಅಲ್ಲಿನ ಮಕ್ಕಳನ್ನು, 200 ಗಂಟೆಗೆ ಎಷ್ಟು ತಿಂಗಳು ಹಿಡಿಯಿತು ಎಂದು ಕೇಳಿ.

ಮಂಡ್ಯದಿಂದ (ನಿವೃತ್ತ ಬ್ಯಾಂಕ್ ನೌಕರ)

ಸಾಲದ ಬಗ್ಗೆ ಮಾತ್ರ ಹೇಳುತ್ತೇನೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಭದ್ರತೆ ಕೇಳುತ್ತದೆ. ಗದ್ದೆಯನ್ನು ಭದ್ರತೆಗೆ ತೆಗೆದುಕೊಳ್ಳಲು ಹಿಂದೇಟು ಹಾಕುತ್ತಾರೆ. ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯಿದೆ ಕೃಷಿ ಭೂಮಿಗೆ ಅನ್ವಯ ಆಗುವುದಿಲ್ಲ, ವಸೂಲಿ ಕಷ್ಟ. ಅದಕ್ಕೇ ಜನ ಕೈಸಾಲಕ್ಕೆ ಹೋಗುತ್ತಾರೆ, ಅಲ್ಲಿ ಮುಳುಗುತ್ತಾರೆ. ತಂಗಿ, ಬಡ್ಡಿ ವ್ಯಾಪಾರದವರ ಹತ್ತಿರ ಮಾತ್ರ ಹೋಗಬೇಡ.

40 ಲಕ್ಷ ಸಾಲ, 11 ಪರ್ಸೆಂಟ್ ಬಡ್ಡಿ, ಹತ್ತು ವರ್ಷ ಎಂದಿಟ್ಟುಕೊ. ತಿಂಗಳ ಕಂತು 55 ಸಾವಿರ. ಆದರೆ ತರಬೇತಿ ಎರಡು ವರ್ಷ, ಕೆಲಸಕ್ಕೆ ಕಾಯುವುದು ಒಂದು ವರ್ಷ. ಅಷ್ಟರಲ್ಲಿ 13 ಲಕ್ಷ ಬಡ್ಡಿ ಕೂಡಿರುತ್ತದೆ. ಅದೂ ಅಸಲಿಗೆ ಸೇರಿದರೆ ಕಂತು 73 ಸಾವಿರ. ಮೇಲಿನ ಪೈಲಟ್ ಹೇಳಿದ ಮೊದಲ ಸಂಬಳದಲ್ಲಿ ಅದನ್ನು ಕಳೆದು, ಬೇರೆ ಊರಿನ ಬಾಡಿಗೆ, ಊಟ ಲೆಕ್ಕ ಹಾಕು. ಸಾಧ್ಯವಾದರೆ ತರಬೇತಿ ನಡೆಯುವಾಗಲೇ ಬಡ್ಡಿ ಕಟ್ಟುತ್ತಾ ಬನ್ನಿ. ಮಾರಲೇಬೇಕು ಎಂದರೆ ಸಿಪಿಎಲ್ ಬಂದು ಟೈಪ್ ರೇಟಿಂಗ್‌ಗೆ ಕರೆ ಬಂದಾಗ ಮಾರಿ, ಈಗಲೇ ಬೇಡ.

ಮೈಸೂರು, ಜಯಲಕ್ಷ್ಮೀಪುರಂನಿಂದ

ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಬಹಳ ವರ್ಷ ಇದ್ದವನು. ಅಲ್ಲಿ 2009ರ ಫೆಬ್ರವರಿ 12ರಂದು ನೆವಾರ್ಕ್‌ನಿಂದ ಹೊರಟ ಕೋಲ್ಗನ್ ಏರ್‌ನ ಸಣ್ಣ ವಿಮಾನ ಬಫಲೋ ಹತ್ತಿರ ಬಿದ್ದು 50 ಜನ ಸತ್ತರು. ಕೋ-ಪೈಲಟ್ ಹುಡುಗಿಗೆ 24 ವರ್ಷ. ಅವಳ ಸಂಬಳ ವರ್ಷಕ್ಕೆ 25,000 ಡಾಲರ್ ಕೂಡ ಇರಲಿಲ್ಲ. ಸಿಯಾಟಲ್‌ನಲ್ಲಿ ಅಪ್ಪ ಅಮ್ಮನ ಮನೆ. ದೇಶದ ಆ ತುದಿಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಡ್ಯೂಟಿಗೆ ಬಂದಿದ್ದಳು. ಆ ಸುದ್ದಿ ಓದಿದ ದಿನ ನನ್ನ ಮಗಳಿಗೂ ಹೆಚ್ಚು ಕಡಿಮೆ ಅದೇ ವಯಸ್ಸು. ಇವತ್ತಿಗೂ ಮರೆತಿಲ್ಲ.

ಆಮೇಲೆ ಕಾನೂನು ಬಿಗಿಯಾಯಿತು. ಕೋ-ಪೈಲಟ್ ಆಗಲೂ ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕು ಎಂದು 2013ರಲ್ಲಿ ಜಾರಿಯಾಯಿತು. ಪೈಲಟ್‌ಗಳಿಗೆ ಅಭಾವ ಬಂತು. 2022ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಪ್ರಾದೇಶಿಕ ಕಂಪನಿಗಳು ಹೊಸ ಕೋ-ಪೈಲಟ್‌ಗೆ ಗಂಟೆಗೆ 90 ಡಾಲರ್‌ವರೆಗೆ ಏರಿಸಿದವು. ಪೈಲಟ್‌ಗಳ ಬದುಕು ಹಸನಾಯಿತು. ಆದರೆ ಅದೇ ವರ್ಷ ಸ್ಕೈವೆಸ್ಟ್ ಕಂಪನಿ, ಪೈಲಟ್‌ಗಳಿಲ್ಲ ಎಂದು, 29 ಸಣ್ಣ ಊರುಗಳ ಹಾರಾಟ ನಿಲ್ಲಿಸಲು ನೋಟಿಸ್ ಕೊಟ್ಟಿತು. ಸರ್ಕಾರದ ಸಹಾಯಧನ ಇದ್ದ ಊರುಗಳೇ ಅವು. ಪೈಲಟ್‌ಗೆ ಸರಿಯಾದ ಸಂಬಳ, ಸರಿಯಾದ ನಿದ್ದೆ ಸಿಗಲೇಬೇಕು. ಅದರ ಖರ್ಚನ್ನು ಸಣ್ಣ ಊರಿನ ಟಿಕೆಟ್ ಒಂದೇ ಹೊರಲಾರದು. ಇಲ್ಲೂ ಹಾಗೆಯೇ ಆಗುತ್ತದೆ ಎಂದು ನನಗೆ ಅನಿಸುತ್ತದೆ.

ನಮ್ಮಲ್ಲೂ ವಿಶ್ರಾಂತಿ ನಿಯಮ ಬದಲಾಗಿದೆಯಲ್ಲ, ವಾರಕ್ಕೆ 36 ಗಂಟೆ ಇದ್ದದ್ದು 48 ಆಯಿತು. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ಸಾಲು ಸಾಲು ವಿಮಾನ ರದ್ದು ಮಾಡಿದಾಗ ಈ ನಿಯಮದ ಮಾತೇ ಎಲ್ಲೆಡೆ ಇತ್ತು. ಪೈಲಟ್‌ಗಳು ಜಾಸ್ತಿ ಬೇಕಾಗುತ್ತಾರೆ ಎನ್ನುವುದು ನಿಮ್ಮ ಮಗಳಿಗೆ ಒಳ್ಳೆಯದೇ.

ಮೈಸೂರು, ಹೆಬ್ಬಾಳದಿಂದ (ಇನ್ನೊಬ್ಬ ತಾಯಿ)

ಜಾಸ್ತಿ ಬೇಕಾಗುತ್ತಾರೆ ಎಂಬ ಮಾತು ನಾವೂ ಕೇಳಿದ್ದೆವು. ನನ್ನ ಮಗ ಸಿಪಿಎಲ್ ಹಿಡಿದು ಹದಿನೆಂಟು ತಿಂಗಳಿಂದ ಮನೆಯಲ್ಲಿದ್ದಾನೆ. ಕಂಪನಿಗಳು ಕರೆದಾಗ ಒಟ್ಟಿಗೆ ಕರೆಯುತ್ತವೆ, ಇಲ್ಲದಿದ್ದರೆ ವರ್ಷಗಟ್ಟಲೆ ಸದ್ದಿಲ್ಲ. ನೆಂಟರ ಮದುವೆಗೆ ಹೋಗುವುದನ್ನೇ ಬಿಟ್ಟಿದ್ದಾನೆ, "ಕೆಲಸ ಆಯ್ತಾ" ಎಂದು ಕೇಳುತ್ತಾರೆ ಎಂದು. ಜೊತೆಯಲ್ಲೇ ಒಂದು ಡಿಗ್ರಿ ಮಾಡಿಸಲಿಲ್ಲವಲ್ಲ ಎಂದು ನನಗೆ ಈಗಲೂ ಸಂಕಟ. ನೀವು ದೂರಶಿಕ್ಷಣದಲ್ಲಾದರೂ ಸೇರಿಸಿ. ಮಗಳು ಕಾಯುವ ದಿನಗಳಲ್ಲಿ ಅವಳ ಪಕ್ಕ ಕೂರಿ. ದುಡ್ಡಿಗಿಂತ ಅದೇ ಮುಖ್ಯ ಎಂದು ನನಗೆ ತಡವಾಗಿ ಗೊತ್ತಾಯಿತು.

ಕೇಳಿದವರು

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಮೂವರೂ ಕೂತು ಒಂದೊಂದೇ ಓದಿದೆವು. ಬಫಲೋದ ಹುಡುಗಿಯ ವಿಷಯ ಬಂದಾಗ ಮಗಳು ಸುಮ್ನೆ ಎದ್ದು ಹೊರಗೆ ಹೋದಳು. ಅರ್ಧ ಗಂಟೆ ಬಿಟ್ಟು ಬಂದು, "ಅಮ್ಮ, ಮೊದಲು ಪರೀಕ್ಷೆ ಬರೀತೀನಿ, ಗದ್ದೆ ಈಗ ಮುಟ್ಟೋದು ಬೇಡ" ಎಂದಳು. ಅವರಪ್ಪ ಒಪ್ಪಿದ್ದಾರೆ. ಬುಧವಾರ ಕ್ಲಾಸ್ 2 ಮೆಡಿಕಲ್‌ಗೆ ಬೆಂಗಳೂರಿಗೆ ಹೋಗುತ್ತಿದ್ದೇವೆ. ಶ್ರೀರಾಂಪುರದ ಪೈಲಟ್ ಅವರೇ, ಹವಾಮಾನ ಪೇಪರ್‌ಗೆ ಓದು ಎಲ್ಲಿಂದ ಶುರು ಮಾಡಬೇಕು ಎಂದು ಅವಳು ಕೇಳುತ್ತಿದ್ದಾಳೆ.