ಸಹಾಯ ಬೇಕು: ಎಂಜಿನ್ ಓಡಿದ ಗಂಟೆಗಳ ಲೆಕ್ಕ, ಪೈಥಾನ್‌ನಲ್ಲಿ

ಎಲ್ಲರಿಗೂ ನಮಸ್ಕಾರ. ಮಲ್ಪೆಯಲ್ಲಿ ನಮ್ಮ ಮಾವನವರ ಬೋಟ್ ಇದೆ. ಅದರ ಎಂಜಿನ್ ಎಷ್ಟು ಗಂಟೆ ಓಡಿತು ಅಂತ ಲೆಕ್ಕ ಇಡಲು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. 250 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು, ಹಾಗಾಗಿ ಲೆಕ್ಕ ಸರಿಯಾಗಿರಲೇಬೇಕು.

ಸ್ಟಾರ್ಟ್ ಮಾಡಿದ ಸಮಯವನ್ನು ಆಫ್ ಮಾಡಿದ ಸಮಯದಿಂದ ಕಳೆದರೆ ಟೈಮ್‌ಡೆಲ್ಟಾ (ಪೈಥಾನ್‌ನಲ್ಲಿ ಅವಧಿಯನ್ನು ಇಡುವ ಟೈಪ್) ಸಿಗುತ್ತದೆ. ಎಲ್ಲ ಕೂಡಿಸಿದರೆ '3 ದಿನ, 4:20:00' ಅನ್ನುವ ರೂಪದಲ್ಲಿ ಬರುತ್ತದೆ. ಬೋಟ್ ನಡೆಸುವ ತಂಡೇಲರಿಗೆ ದಿನ ಬೇಡ, 76 ಗಂಟೆ 20 ನಿಮಿಷ ಅಂತಲೇ ಕಾಣಬೇಕು. 'ಸೆಕೆಂಡ್ಸ್' ಕೇಳಿದರೆ ದಿನ ಬಿಟ್ಟು ಬರೀ 15600 ಕೊಡುತ್ತದೆ. 'ಟೋಟಲ್ ಸೆಕೆಂಡ್ಸ್' ಕೇಳಿದರೆ 274800 ಬರುತ್ತದೆ, ಅದು ಸರಿ. ಇಲ್ಲಿಯವರೆಗೆ ತೊಂದರೆ ಇಲ್ಲ.

ಸಿಕ್ಕಿಹಾಕಿಕೊಂಡಿದ್ದು ಮುಂದೆ. 250 ಗಂಟೆ ದಾಟಿ ಅರ್ಧ ಗಂಟೆ ಜಾಸ್ತಿ ಓಡಿದರೆ, ಆಯಿಲ್ ಬದಲಿಸಲು ಬಾಕಿ ಇರುವ ಸಮಯ 'ಮೈನಸ್ 1 ದಿನ, 23:30:00' ಅಂತ ಬರುತ್ತದೆ! ಟೈಮ್‌ಡೆಲ್ಟಾದಲ್ಲಿ ದಿನ ಮಾತ್ರ ಮೈನಸ್ ಆಗಬಹುದು, ಸೆಕೆಂಡುಗಳು ಯಾವಾಗಲೂ ಪ್ಲಸ್ ಅಂತ ಓದಿದೆ. ಕಾರಣ ಗೊತ್ತಾಯಿತು. ಆದರೆ ನೋಡುವವರಿಗೆ ಅದು ಹೇಗೆ ಅರ್ಥವಾಗಬೇಕು? ಚಿಹ್ನೆಯನ್ನು ಬೇರೆ ಇಟ್ಟು, ಆಬ್ಸ್ (ಮೈನಸ್ ತೆಗೆದು ಕೊಡುವ ಫಂಕ್ಷನ್) ಹಾಕಿ ತೋರಿಸಿದೆ. ಪರದೆಯ ಮೇಲೆ ಸರಿ ಕಾಣುತ್ತದೆ. ಉಳಿಸಿಡುವುದು ಹೇಗೆ ಅನ್ನುವುದೇ ಈಗಿನ ಗೊಂದಲ. ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಅವಧಿಗೆ ಅಂತಲೇ ಬೇರೆ ಟೈಪ್ ಇಲ್ಲ ಅಲ್ವಾ.

ನನ್ನ ಪ್ರಶ್ನೆ ಇಷ್ಟೇ: ಅವಧಿಯನ್ನು ಪೂರ್ಣಾಂಕ ಸೆಕೆಂಡುಗಳಾಗಿ ಉಳಿಸಲೇ, ಅಥವಾ ಐಎಸ್ಒ 8601 (ದಿನಾಂಕ, ಸಮಯ ಬರೆಯುವ ಅಂತರರಾಷ್ಟ್ರೀಯ ಮಾನದಂಡ) ರೂಪದ 'ಪಿಟಿ76ಎಚ್20ಎಂ' (ಅಂದರೆ 76 ಗಂಟೆ 20 ನಿಮಿಷ) ಅನ್ನುವ ಪಠ್ಯವಾಗಿ ಉಳಿಸಲೇ? ಮುಂದೆ ಕೂಡಿಸಲು, ಮೈನಸ್ ನಿಭಾಯಿಸಲು ಯಾವುದು ಸುಲಭ? ಮಾಡಿ ಅನುಭವ ಇದ್ದವರು ದಯವಿಟ್ಟು ತಿಳಿಸಿ.