ವೀರಗಲ್ಲುಗಳ ಚಿತ್ರಸಂಗ್ರಹ: ಸ್ವಂತ ಗ್ಯಾಲರಿಯಲ್ಲಿಡಬೇಕೇ, ಫ್ಲಿಕರ್, ಕಾಮನ್ಸ್‌ನಂಥ ತಾಣಗಳಿಗೆ ಕೊಡಬೇಕೇ?

ಶಿಲಾಸಕ್ತ (ಪ್ರಶ್ನೆ)

ಮಾನ್ಯರೇ, ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲುಗಳ ಚಿತ್ರಗಳನ್ನು ಹಲವು ವರ್ಷಗಳಿಂದ ತೆಗೆಯುತ್ತ ಬಂದಿದ್ದೇನೆ. ಇತಿಹಾಸದ ವಿದ್ಯಾರ್ಥಿಗಳಿಗೂ ಆಯಾ ಊರಿನವರಿಗೂ ಅವು ಸಿಗುವಂತಾಗಬೇಕೆಂಬುದು ನನ್ನ ಆಸೆ. ಸ್ವಂತ ಡೊಮೈನ್ ಕೊಂಡು ಪಿವಿಗೊದಂಥ ಚಿತ್ರ ಗ್ಯಾಲರಿ ತಂತ್ರಾಂಶ ಹಾಕಿಕೊಂಡರೆ ಜೋಡಣೆ, ವಿವರಣೆ, ಅನುಮತಿ ಎಲ್ಲವೂ ನನ್ನ ಕೈಯಲ್ಲಿರುತ್ತವೆ. ಆದರೆ ಅಲ್ಲಿಗೆ ಯಾರು ಬರುತ್ತಾರೆ ಎಂಬ ಚಿಂತೆಯಿದೆ. ಫ್ಲಿಕರ್‌ಗೋ ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೋ ಹಾಕಿದರೆ ನೋಡುವವರು ಸಿಗುತ್ತಾರೆ, ಆದರೆ ಅಲ್ಲಿನ ನಿಯಮಗಳನ್ನು ಅವರೇ ಮಾಡುತ್ತಾರೆ. ಇದೇ ಫೋಲ್ಡರ್‌ಗಳಲ್ಲಿ ಮನೆಯ ಮದುವೆ, ಮುಂಜಿಗಳ ಚಿತ್ರಗಳೂ ಬೆರೆತಿವೆ. ಅನುಭವವುಳ್ಳವರು ದಾರಿ ತೋರಬೇಕೆಂದು ಕೋರುತ್ತೇನೆ.

ಜಾಲಪಾಲಕ

ಬೇರೆಯವರ ತಾಣವನ್ನು ಸಂಗ್ರಹದ ಏಕೈಕ ನೆಲೆ ಮಾಡಿಕೊಳ್ಳಬೇಡಿರೆಂದು ಮೊದಲಿಗೇ ಹೇಳುತ್ತೇನೆ. ಫ್ಲಿಕರ್ 2004ರಲ್ಲಿ ಆರಂಭವಾಯಿತು. ಮರುವರ್ಷ ಅದನ್ನು ಕೊಂಡ ಯಾಹೂ, 2013ರಲ್ಲಿ ಪ್ರತಿಯೊಬ್ಬರಿಗೂ ಒಂದು ಟೆರಾಬೈಟ್ ಜಾಗವನ್ನು ಉಚಿತವಾಗಿ ಕೊಟ್ಟಿತು. 2018ರಲ್ಲಿ ಅದು ಸ್ಮಗ್‌ಮಗ್ ಸಂಸ್ಥೆಯ ಕೈಸೇರಿದ ಮೇಲೆ ಉಚಿತ ಖಾತೆಯ ಮಿತಿಯನ್ನು 1000 ಚಿತ್ರಗಳಿಗೆ ಇಳಿಸಲಾಯಿತು. ಊರೂರಿನ ಚಿತ್ರಗಳನ್ನು ನಕ್ಷೆಯ ಮೇಲೆ ತೋರಿಸುತ್ತಿದ್ದ ಪ್ಯಾನೊರಾಮಿಯೊ ನಿಮ್ಮಂಥ ಸಂಗ್ರಹಕ್ಕೆ ಹೇಳಿ ಮಾಡಿಸಿದಂತಿತ್ತು. ಗೂಗಲ್ ಅದನ್ನು 2016ರಲ್ಲಿ ಮುಚ್ಚಿತು.

ಪಿವಿಗೊ ನಡೆಯಲು ಪಿಎಚ್‌ಪಿ ಮತ್ತು ಮೈಎಸ್‌ಕ್ಯುಎಲ್ ಎಂಬ ಎರಡು ತಂತ್ರಾಂಶಗಳಿರುವ ಸಾಧಾರಣ ಹೋಸ್ಟಿಂಗ್ (ತಾಣವಿಡಲು ಬಾಡಿಗೆಗೆ ಸಿಗುವ ಜಾಗ) ಸಾಕು, ಯಾವ ಆಲ್ಬಮ್ ಯಾರಿಗೆ ಕಾಣಬೇಕೆಂಬುದನ್ನು ಗುಂಪುಗಳ ಮೂಲಕ ನಿರ್ಧರಿಸಬಹುದು. ಆದರೆ ಹೊಸ ಆವೃತ್ತಿಗಳನ್ನು ಆಗಾಗ ಹಾಕದಿದ್ದರೆ ಭದ್ರತೆಯ ಬಿರುಕು ಬೀಳುತ್ತದೆ, ಡೊಮೈನಿನ ನವೀಕರಣ ತಪ್ಪಿದರೆ ತಾಣವೇ ಕಾಣೆಯಾಗುತ್ತದೆ. ನಿಮ್ಮ ನಂತರ ಇದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಈಗಲೇ ಯೋಚಿಸಿ. ಮದುವೆ, ಮುಂಜಿಯ ಚಿತ್ರಗಳನ್ನು ಮಾತ್ರ ಮನೆಯ ಕಂಪ್ಯೂಟರಿನಲ್ಲೇ ಇಮ್ಮಿಚ್ ಹಾಕಿ ಬೇರೆ ಇಡಿ. ಮೊಬೈಲಿನಿಂದ ತಾನೇ ಪ್ರತಿ ತೆಗೆದುಕೊಳ್ಳುವ, ಮುಖ ಗುರುತಿಸಿ ವಿಂಗಡಿಸುವ ಆ ತಂತ್ರಾಂಶ ಕುಟುಂಬಕ್ಕೇ ಹೊಂದುತ್ತದೆ. ನಮ್ಮಲ್ಲಿ ಎಷ್ಟೋ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಒಂದೇ ಐಪಿ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿರುವುದರಿಂದ ಹೊರಗಿನಿಂದ ನೇರವಾಗಿ ಮನೆಯ ಯಂತ್ರವನ್ನು ತಲುಪಲಾಗುವುದಿಲ್ಲ. ಅದಕ್ಕೆ ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲದ ಸಹಾಯ ಬೇಕಾಗುತ್ತದೆ.

ಕಾಮನ್ಸ್ ಸಂಪಾದಕ

ಮೇಲಿನ ಉತ್ತರವನ್ನು ಒಪ್ಪಿಕೊಂಡೇ ನಾನು ಕಾಮನ್ಸ್‌ನ ಪರವಾಗಿ ವಾದಿಸುತ್ತೇನೆ, ಏಕೆಂದರೆ ಊರಿನವರಿಗೆ ಸಿಗಬೇಕೆಂದು ತಾವೇ ಬರೆದಿದ್ದೀರಿ. ಅಲ್ಲಿಗೆ ಸೇರಿದ ಚಿತ್ರವನ್ನು ಕನ್ನಡ ವಿಕಿಪೀಡಿಯದಲ್ಲಿ ಆ ಊರಿನ ಲೇಖನಕ್ಕೆ ಯಾರು ಬೇಕಾದರೂ ಜೋಡಿಸಬಹುದು. ಹೊಸ ಗ್ಯಾಲರಿಯೊಂದಕ್ಕೆ ಅಂಥ ಓದುಗರು ಸುಲಭವಾಗಿ ದೊರಕುವುದಿಲ್ಲ. ಮೂಲ ಗಾತ್ರದ ಕಡತವೇ ಅಲ್ಲಿ ಉಳಿಯುತ್ತದೆ, ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಪರವಾನಗಿಯನ್ನು ಚೆನ್ನಾಗಿ ತಿಳಿದುಕೊಂಡು ಮುಂದುವರಿಯಿರಿ: ವಾಣಿಜ್ಯ ಬಳಕೆಗೂ ಒಪ್ಪಿಗೆ ಕೊಡಬೇಕು, ಒಮ್ಮೆ ಕೊಟ್ಟದ್ದನ್ನು ಹಿಂಪಡೆಯಲಾಗದು. ನಾಳೆ ಪ್ರಕಾಶಕರೊಬ್ಬರು ನಿಮ್ಮ ಚಿತ್ರವನ್ನು ಮುಖಪುಟಕ್ಕೆ ಬಳಸಿ ಹೆಸರನ್ನೂ ಪರವಾನಗಿಯನ್ನೂ ನಮೂದಿಸಿದರೆ ಅದು ನಿಯಮಬದ್ಧವೇ. ಅದಕ್ಕೆ ಮನಸ್ಸು ಒಪ್ಪದ ಚಿತ್ರಗಳನ್ನು ಸ್ವಂತ ಗ್ಯಾಲರಿಯಲ್ಲಿಯೇ ಇಡಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಸಾಮಾನ್ಯವಾಗಿ ಅಕ್ಷಾಂಶ, ರೇಖಾಂಶಗಳು (ಸ್ಥಳಾಂಕ) ಸೇರಿರುತ್ತವೆ, ಕಾಮನ್ಸ್ ಅವನ್ನು ಎಲ್ಲರಿಗೂ ತೋರಿಸುತ್ತದೆ. ಕಾವಲಿಲ್ಲದ ಹೊಲದಲ್ಲಿರುವ, ಎತ್ತಿ ಸಾಗಿಸಬಹುದಾದ ಬಿಡಿ ಶಿಲ್ಪದ ನಿಖರ ಸ್ಥಳವನ್ನು ಬಹಿರಂಗಪಡಿಸಿದರೆ ವಿಗ್ರಹ ಕಳ್ಳರಿಗೆ ನಾವೇ ದಾರಿ ತೋರಿಸಿದಂತಾಗುತ್ತದೆ. ಅಳಿವಿನಂಚಿನ ಜೀವಿಗಳ ನೆಲೆಯನ್ನು ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ತಾಣ ಮಸುಕುಗೊಳಿಸಿಯೇ ತೋರಿಸುತ್ತದೆ. ಕಾಮನ್ಸ್‌ನಲ್ಲಿ ಆ ಎಚ್ಚರವನ್ನು ನಾವೇ ವಹಿಸಬೇಕು. ಅಂಥ ಚಿತ್ರಗಳಿಗೆ ಊರಿನ ಹೆಸರನ್ನಷ್ಟೇ ಬರೆದು, ಏರಿಸುವ ಪ್ರತಿಯಿಂದ ಸ್ಥಳಾಂಕವನ್ನು ತೆಗೆದುಹಾಕಿ.

ಶಿಲಾಸಕ್ತ

ಇಬ್ಬರಿಗೂ ವಂದನೆಗಳು. ಸ್ಥಳಾಂಕದ ವಿಚಾರ ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಪ್ರತಿಯೊಂದು ಚಿತ್ರದ ವಿವರಣೆಯನ್ನು ಎರಡೂ ಕಡೆ ಬೇರೆ ಬೇರೆಯಾಗಿ ಬರೆಯಬೇಕಾಗುವುದೇ?

ದಾಖಲಾತಿ ಬಲ್ಲವರು

ಬೇಕಾಗಿಲ್ಲ. ನನ್ನ ಮಟ್ಟಿಗೆ, ಗ್ಯಾಲರಿಯ ಆಯ್ಕೆಗಿಂತ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆಯಿದು. ತಾಣ ಮುಚ್ಚಿದರೂ ಚಿತ್ರಗಳನ್ನು ಹೇಗೋ ಇಳಿಸಿಕೊಳ್ಳುತ್ತೇವೆ. ಕಳೆದುಹೋಗುವುದು ಅದರೊಂದಿಗೆ ಬರೆದ ಮಾತುಗಳು. ಫ್ಲಿಕರ್‌ನಿಂದಾಗಲಿ ಗೂಗಲ್ ಫೋಟೋಸ್‌ನಿಂದಾಗಲಿ ಸಂಗ್ರಹವನ್ನು ಹಿಂಪಡೆದಾಗ ಅಲ್ಲಿ ಬರೆದ ಶೀರ್ಷಿಕೆ, ಟಿಪ್ಪಣಿಗಳು ಜೇಸನ್ ಎಂಬ ಬೇರೆ ಪಠ್ಯ ಕಡತಗಳಲ್ಲಿ ಬರುತ್ತವೆ, ಅವನ್ನು ಮರಳಿ ಚಿತ್ರಗಳಿಗೆ ಹೊಂದಿಸುವುದು ಸಣ್ಣ ಕೆಲಸವಲ್ಲ. ಪಿವಿಗೊದಲ್ಲಿಯೂ ನೀವು ತಾಣದೊಳಗೆ ಬರೆದದ್ದು ಡೇಟಾಬೇಸಿಗೆ ಸೇರುತ್ತದೆಯೇ ಹೊರತು ಚಿತ್ರದ ಕಡತಕ್ಕಲ್ಲ.

ಆದ್ದರಿಂದ ಡಿಜಿಕ್ಯಾಮ್‌ನಂಥ ಉಚಿತ ತಂತ್ರಾಂಶದಲ್ಲಿ ವಿವರವನ್ನು ಚಿತ್ರದ ಕಡತದೊಳಗೇ ಬರೆಯಿರಿ. ಹೀಗೆ ವಿವರ ಬರೆಯುವ ಹಳೆಯ ಐಪಿಟಿಸಿ ವಿಧಾನದಲ್ಲಿ ಕನ್ನಡ ಅಕ್ಷರಗಳು ಕೆಡುವ ಸಾಧ್ಯತೆಯಿರುವುದರಿಂದ ಯೂನಿಕೋಡ್ ಆಧಾರಿತ ಹೊಸ ವಿಧಾನವಾದ ಎಕ್ಸ್‌ಎಂಪಿಯನ್ನು ಬಳಸಿ. ಊರು, ತಾಲ್ಲೂಕು, ಕಲ್ಲು ಮುಖ ಮಾಡಿರುವ ದಿಕ್ಕು, ಚಿತ್ರ ತೆಗೆದ ದಿನ, ಕೆತ್ತನೆಯ ಹಂತಗಳಲ್ಲಿ ಏನೇನಿದೆ ಎಂಬುದು ಅಲ್ಲಿರಲಿ. ಬರಹವಿರುವ ಕಲ್ಲಾದರೆ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಸಂಗ್ರಹದ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿರುವುದರಿಂದ ಸಂಪುಟದೊಂದಿಗೆ ಆ ಸಂಖ್ಯೆಯನ್ನೂ ತಪ್ಪದೆ ಸೇರಿಸಿ. ಸಂಶೋಧಕರು ಹುಡುಕುವುದು ಅದನ್ನೇ. ಸ್ಥಳಾಂಕ ಮೂಲ ಕಡತದಲ್ಲಿ ಉಳಿದಿರಲಿ, ಹೊರಗೆ ಕಳಿಸುವ ಪ್ರತಿಯಲ್ಲಿ ಮಾತ್ರ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಬಳಸಿ ಅಳಿಸಿ. ಎಲ್ಲಕ್ಕೂ ಮೊದಲು ಒಂದೇ ಊರಿನ ಚಿತ್ರಗಳಿಗೆ ಹೀಗೆ ಬರೆದು, ಬೇರೊಂದು ಕಂಪ್ಯೂಟರಿನಲ್ಲಿ ಬೇರೊಂದು ತಂತ್ರಾಂಶದಿಂದ ತೆರೆದು, ಒತ್ತಕ್ಷರಗಳು ಸರಿಯಾಗಿ ಮೂಡುತ್ತಿವೆಯೇ ಎಂದು ಪರೀಕ್ಷಿಸಿ ಮುಂದುವರಿಯಿರಿ.